ಸಿಹಿ ಕರಿಯ ಪರವಾಗಿ

ಟೋಕಿಯೋಗೆ ಊರಿನಿಂದ ಯಾರೇ ಬರಲಿ, ಅವರನ್ನು ಒಂದು ಸಲ ಕೋಕೋ ಇಚಿಬಾನ್‌ಯಾಗೆ ಕರೆದುಕೊಂಡು ಹೋಗುತ್ತೇನೆ. ಬಂದವರಿಗೆ ಸುಶಿ ತಿನ್ನುವ ಆಸೆ, ರಾಮೆನ್ ಬಟ್ಟಲಿನ ಫೋಟೋ ತೆಗೆಯುವ ಆಸೆ. ಅದೂ ಆಗಲಿ. ಆದರೆ ಕೆಲಸ ಮುಗಿಯುವಾಗ ರಾತ್ರಿ ಒಂಬತ್ತಾಗಿ, ಮನೆಗೆ ಹೋಗಿ ಕುಕ್ಕರ್ ಇಡುವ ಶಕ್ತಿ ಉಳಿಯದ ದಿನ ನಾನು ನಿಜವಾಗಿ ಊಟ ಮಾಡುವುದು ಎಲ್ಲಿ ಅಂತ ತೋರಿಸಬೇಕು ಅನ್ನಿಸುತ್ತದೆ. ಅದು ಸ್ಟೇಷನ್ ಪಕ್ಕದ ಹಳದಿ ಬೋರ್ಡಿನ ಈ ಕರಿ ಅಂಗಡಿ. ಇಲ್ಲಿಯವರು ಸುಮ್ನೆ ಕೋಕೋಇಚಿ ಅನ್ನುತ್ತಾರೆ.

ಬಂದವರು ಎರಡು ಚಮಚ ತಿನ್ನುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ. "ಸಿಹಿ ಇದ್ಯಲ್ಲೋ ಇದು." ಸ್ವಲ್ಪ ಹೊತ್ತಾದ ಮೇಲೆ, "ಮೈದಾ ಹಾಕಿದಾರಾ? ಗಟ್ಟಿ ಆಯ್ತು." ಕೊನೆಗೆ, ಕೈ ತೊಳೆದುಕೊಂಡು ಬಂದು, ನಗುತ್ತಾ, "ಪಾಪ, ಇವರು ಇದನ್ನ ಕರಿ ಅಂದ್ಕೊಂಡಿದಾರೆ."

ನನಗೆ ಬೇಜಾರಾಗುವುದು ಈ ಕೊನೆಯ ಮಾತಿಗೆ. ರುಚಿ ಹಿಡಿಸದಿದ್ದರೆ ಅದು ಬೇರೆ ವಿಷಯ, ನಾಲಿಗೆ ಅವರವರದ್ದು. ಆದರೆ ನಮ್ಮ ಅಡುಗೆಯನ್ನು ಮಾಡಲು ಹೋಗಿ ಇವರು ಕೆಡಿಸಿಬಿಟ್ಟರು ಅನ್ನುವ ತೀರ್ಪು ಇದೆಯಲ್ಲ, ಅದು ತಟ್ಟೆ ಬರುವ ಮೊದಲೇ ಮನಸ್ಸಿನಲ್ಲಿ ರೆಡಿಯಾಗಿರುತ್ತದೆ. ಜಪಾನಿನವರು ನಮ್ಮ ಕರಿಯನ್ನು ಕೆಡಿಸಿಲ್ಲ. ಅವರ ಅನ್ನಕ್ಕೆ, ಅವರ ಚಮಚಕ್ಕೆ, ಅವರ ಮನೆಯ ಮಕ್ಕಳಿಗೆ ಹೊಂದುವ ಒಂದು ಊಟವನ್ನು ನೂರು ವರ್ಷ ಕೂತು ತಿದ್ದಿಕೊಂಡಿದ್ದಾರೆ. ಮತ್ತು ಸಿಹಿ ಅಂತ ದೂರುವ ಹಕ್ಕು ಜಗತ್ತಿನಲ್ಲಿ ಯಾರಿಗಿದ್ದರೂ ಕನ್ನಡದವರಿಗಂತೂ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ತಟ್ಟೆ, ಹತ್ತು ಪ್ರಶ್ನೆ

ಮೊದಲು ಅಂಗಡಿಯ ವಿಷಯ. ಕೋಕೋಇಚಿ ಹುಟ್ಟಿದ್ದು 1978ರಲ್ಲಿ, ಐಚಿ ಪ್ರಾಂತ್ಯದಲ್ಲಿ, ನಗೋಯಾ ನಗರದ ಅಂಚಿನಲ್ಲಿ. ಮುನೆತ್ಸುಗು ತೊಕುಜಿ ಮತ್ತು ಅವರ ಹೆಂಡತಿ ನವೋಮಿ ಅದಕ್ಕೂ ಮೊದಲು ಕಾಫಿ ಅಂಗಡಿ ನಡೆಸುತ್ತಿದ್ದರು. ಅಲ್ಲಿ ಕಾಫಿಯ ಜೊತೆ ಕೊಡುತ್ತಿದ್ದ ಕರಿ ಅನ್ನವೇ ಜನಕ್ಕೆ ಹಿಡಿಸಿತು. ಸರಿ, ಕರಿಗೇ ಒಂದು ಅಂಗಡಿ ಹಾಕೋಣ ಅಂತ ಶುರುಮಾಡಿದರು. 2013ರಲ್ಲಿ ಅದು ಜಗತ್ತಿನ ಅತಿ ದೊಡ್ಡ ಕರಿ ರೆಸ್ಟೋರೆಂಟ್ ಸರಣಿ ಅಂತ ಗಿನ್ನೆಸ್ ದಾಖಲೆಗೆ ಸೇರಿತು. ಇಷ್ಟು ದೊಡ್ಡದಾದರೂ ಒಳಗೆ ಹೋದರೆ ಸಣ್ಣ ಹೋಟೆಲಿನ ಹಾಗೇ ಇರುತ್ತದೆ. ಒಂದು ಕೌಂಟರ್, ಕೆಲವು ಟೇಬಲ್, ಕರಿಪುಡಿಯ ಘಮ, ಕುಡಿಯಲು ಐಸ್ ನೀರು.

ಮೆನು ಹಿಡಿದರೆ ನಾವೇ ಅಡುಗೆಗೆ ನಿಂತಂತೆ ಒಂದಾದ ಮೇಲೊಂದು ತೀರ್ಮಾನ ಮಾಡಬೇಕು. ಯಾವ ಸಾಸ್, ಅನ್ನ ಎಷ್ಟು ಗ್ರಾಂ, ಖಾರ ಎಷ್ಟನೇ ನಂಬರ್, ಮೇಲೆ ಏನು ಹಾಕಬೇಕು. ಮಾಮೂಲಿ ಸಾಸ್ ಹಂದಿಮಾಂಸದ್ದು. ಮಾಂಸ ತಿನ್ನದವರಿಗೆ ಪ್ರಾಣಿಮೂಲದ ಪದಾರ್ಥ ಇಲ್ಲದ ಸಸ್ಯಾಹಾರಿ ಸಾಸ್ ಹಲವು ಶಾಖೆಗಳಲ್ಲಿ ಸಿಗುತ್ತದೆ. ಟೋಕಿಯೋದ ಅಕಿಹಬರಾದಲ್ಲಿ 2017ರಲ್ಲಿ ಹಲಾಲ್ ಅಂಗಡಿಯನ್ನೂ ತೆರೆದರು. ಖಾರ ನಂಬರಿನ ಪ್ರಕಾರ ಏರುತ್ತಾ ಹೋಗುತ್ತದೆ. ಒಂದು ಮಾತು ನನಗೆ ತುಂಬಾ ಇಷ್ಟ: 6ರಿಂದ ಮೇಲಿನ ಖಾರ ಬೇಕಿದ್ದರೆ ಮೊದಲು 5 ತಿಂದು ನೋಡಿರಬೇಕು ಅಂತ ಮೆನುವಿನಲ್ಲೇ ಬರೆದಿದ್ದಾರೆ. ಮೇಲೆ ಹಾಕಿಸಿಕೊಳ್ಳುವುದರಲ್ಲಿ ಕರಿದ ಕೋಳಿ, ಹಂದಿ ಕಟ್ಲೆಟ್, ಪಾಲಕ್, ಬದನೆಕಾಯಿ, ಚೀಸ್, ಮೊಟ್ಟೆ, ಹುದುಗಿಸಿದ ಸೋಯಾ ಕಾಳಿನ ನಾಟೋ ತನಕ ಎಲ್ಲ ಇದೆ. ನನ್ನದು ಹೆಚ್ಚಾಗಿ ಬದನೆ, ಪಾಲಕ್, ಖಾರ 2. ಚಳಿ ಜಾಸ್ತಿ ಇದ್ದರೆ 3.

ಟೇಬಲ್ ಮೇಲೆ ಒಂದು ಡಬ್ಬಿಯಲ್ಲಿ ಫುಕುಜಿನ್‌ಜುಕೆ ಇರುತ್ತದೆ. ಮೂಲಂಗಿ, ಬದನೆ, ಕಮಲದ ದಂಟು ಎಲ್ಲ ಸಣ್ಣಗೆ ಹೆಚ್ಚಿ ಸೋಯಾ ಸಾಸ್ ಮತ್ತು ಸಕ್ಕರೆಯಲ್ಲಿ ಊರಿಸಿದ ಉಪ್ಪಿನಕಾಯಿ. ಅಗಿದರೆ ಕರಕರ ಅನ್ನುತ್ತದೆ. ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ಪಕ್ಕದಲ್ಲೇ ತೊಬಿಕರಾ ಅನ್ನುವ ಖಾರದ ಪುಡಿಯ ಶೀಸೆ. ನಮ್ಮವರ ಕೈ ಮೊದಲು ಹೋಗುವುದು ಅದಕ್ಕೇ.

ಚಿಕ್ಕಪ್ಪನ ತಟ್ಟೆ

ಕಳೆದ ವಸಂತದಲ್ಲಿ ಸಾಗರದಿಂದ ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ಇಬ್ಬರೂ ಸಸ್ಯಾಹಾರಿಗಳು. ಚೆರಿ ಹೂವು ನೋಡಿ, ದಿನವಿಡೀ ನಡೆದು ಸುಸ್ತಾಗಿ, ಸಂಜೆ ನನ್ನ ಮಾಮೂಲಿ ಕೋಕೋಇಚಿಗೆ ಬಂದೆವು. ಅವರಿಗೆ ಸಸ್ಯಾಹಾರಿ ಸಾಸ್, ಬದನೆಕಾಯಿ ಹೇಳಿದೆ. ಬಿಳಿ ಅಂಡಾಕಾರದ ತಟ್ಟೆ ಬಂತು. ಒಂದು ಕಡೆ ದಂಡೆ ಕಟ್ಟಿದ ಹಾಗೆ ಅನ್ನ, ಇನ್ನೊಂದು ಕಡೆ ಕಂದು ಬಣ್ಣದ ಸಾಸ್, ನಡುವೆ ಒಂದು ಗೆರೆ.

ಚಿಕ್ಕಪ್ಪ ಏನು ಮಾಡಿದರು ಅಂತ ನಿಮಗೆ ಗೊತ್ತು, ಯಾಕೆಂದರೆ ನೀವೂ ಅದನ್ನೇ ಮಾಡುತ್ತೀರಿ. ಚಮಚ ತೆಗೆದುಕೊಂಡು ಇಡೀ ತಟ್ಟೆಯನ್ನು ಕಲಸಿದರು. ಹುಳಿಯನ್ನ ಕಲಸುವ ಹಾಗೆ, ಮೂಲೆಮೂಲೆ ಬಿಡದೆ, ಶ್ರದ್ಧೆಯಿಂದ. ಜಪಾನಿನ ಅಕ್ಕಿ ಗಿಡ್ಡ, ಅಂಟು. ಸಾಸ್ ಮೊದಲೇ ಗಟ್ಟಿ. ಎರಡನ್ನೂ ಹಾಗೆ ಕಲಸಿದರೆ ಆಗುವುದು ಒಂದು ಕಂದು ಮುದ್ದೆ. ಅದರಲ್ಲಿ ಅನ್ನದ ರುಚಿ ಇಲ್ಲ, ಸಾಸಿನ ರುಚಿಯೂ ಇಲ್ಲ, ಪ್ರತಿ ಚಮಚವೂ ಹಿಂದಿನದರಂತೆಯೇ. ಅವರು ಎರಡು ತುತ್ತು ತಿಂದು ತೊಬಿಕರಾ ಶೀಸೆ ಎತ್ತಿದರು.

ಚಿಕ್ಕಮ್ಮ ಮಾತ್ರ ತಿನ್ನುವ ಮೊದಲು ಸುತ್ತ ನೋಡುತ್ತಾ ಕೂತಿದ್ದರು. ಕೌಂಟರಿನಲ್ಲಿ ಕಟ್ಟಡದ ಕೆಲಸದ ಬಟ್ಟೆ ಹಾಕಿಕೊಂಡಿದ್ದ ಒಬ್ಬ ವಯಸ್ಸಾದವರು ಊಟ ಮಾಡುತ್ತಿದ್ದರು. ಅವರ ಚಮಚ ಪ್ರತಿ ಸಲವೂ ಆ ಗೆರೆಯ ಮೇಲೇ ಇಳಿಯುತ್ತಿತ್ತು. ಅರ್ಧ ಅನ್ನ, ಅರ್ಧ ಸಾಸ್, ಹಾಗೇ ಬಾಯಿಗೆ. ಮತ್ತೆ ಗೆರೆ ಸ್ವಲ್ಪ ಹಿಂದೆ ಸರಿಯಿತು, ಮತ್ತೆ ಅಲ್ಲೇ ಚಮಚ. ನಡುವೆ ನಾಲ್ಕು ಚೂರು ಫುಕುಜಿನ್‌ಜುಕೆ. ತಟ್ಟೆ ಒಂದು ಕಡೆಯಿಂದ ಸ್ವಚ್ಛವಾಗುತ್ತಾ ಬರುತ್ತಿತ್ತು. ಚಿಕ್ಕಮ್ಮ ಹಾಗೇ ತಿಂದರು. ನಾನು ಏನೂ ಹೇಳಿಕೊಡಲಿಲ್ಲ. ಹಾಗೆ ತಿಂದಾಗ ಬಾಯಲ್ಲಿ ಮೊದಲು ಬಿಸಿ ಅನ್ನ ಬೇರೆಯಾಗಿ ಸಿಗುತ್ತದೆ, ಆಮೇಲೆ ಸಾಸಿನ ಸಿಹಿ, ಅದು ಇಳಿಯುವ ಹೊತ್ತಿಗೆ ಗಂಟಲ ಹತ್ತಿರ ಖಾರ. ಇದರಲ್ಲಿ ಖಾರ ತಡವಾಗಿ ಬರುತ್ತದೆ. ಕಾಯದೆ ಎರಡನೇ ತುತ್ತಿಗೇ ಪುಡಿ ಸುರಿದರೆ ಗೊತ್ತೇ ಆಗುವುದಿಲ್ಲ.

"ಸಿಹಿ ಜಾಸ್ತಿ ಆಯ್ತಪ್ಪ," ಅಂದರು ಚಿಕ್ಕಪ್ಪ. ಚಿಕ್ಕಮ್ಮ ತಲೆ ಎತ್ತದೆ ಹೇಳಿದರು: "ನಮ್ಮನೆ ಹುಳಿಗೆ ಬೆಲ್ಲ ಒಂಚೂರು ಕಮ್ಮಿಯಾದ್ರೆ ತಟ್ಟೆ ಸರಿಸೋದು ಯಾರು?"

ಚಿಕ್ಕಪ್ಪ ಉತ್ತರ ಕೊಡಲಿಲ್ಲ. ನನಗೆ ಮಾತ್ರ ಆ ಪ್ರಶ್ನೆ ಅಲ್ಲಿಂದ ಬಿಟ್ಟಿಲ್ಲ.

ಬೆಲ್ಲ ಹಾಕುವವರು ನಾವೇ ಅಲ್ವಾ

ಬೆಂಗಳೂರಿನ ದರ್ಶಿನಿಯ ಸಾಂಬಾರಿನ ಬಗ್ಗೆ ಚೆನ್ನೈ ಗೆಳೆಯರು ಏನು ಹೇಳುತ್ತಾರೆ ಅಂತ ನಮಗೆಲ್ಲ ಗೊತ್ತು. ಸಿಹಿ. ಇದು ಸಾಂಬಾರೇ ಅಲ್ಲ. ಉಡುಪಿ ಹೋಟೆಲಿನದು ಇನ್ನೂ ಸಿಹಿ. ಆಗ ನಾವು ಸುಮ್ಮನಿರುತ್ತೇವಾ? ಬೆಲ್ಲ ಹಾಕುವುದು ಪಾಯಸ ಮಾಡೋಕಲ್ಲ, ಹುಣಸೆಯ ಚುಚ್ಚು ಕಮ್ಮಿಯಾಗಲಿ, ಮೆಣಸಿನಕಾಯಿ ನಾಲಿಗೆಯ ಮೇಲೆ ದುಂಡಗಾಗಲಿ ಅಂತ, ಅದು ಗೊತ್ತಾಗಬೇಕಾದರೆ ಇಲ್ಲೇ ಹುಟ್ಟಿ ಇಲ್ಲೇ ಉಂಡಿರಬೇಕು ಅಂತ ವಾದಕ್ಕೆ ಇಳಿಯುತ್ತೇವೆ. ನಮ್ಮ ಸಾಂಬಾರ್ ಅವರ ಸಾಂಬಾರಿನ ಕೆಟ್ಟ ನಕಲು ಅಲ್ಲ ಅಂತ ನಮಗೆ ಚೆನ್ನಾಗಿ ಗೊತ್ತು. ಅದೇ ನಾವು ವಿಮಾನ ಹತ್ತಿ ಟೋಕಿಯೋಗೆ ಬಂದ ಕೂಡಲೇ ಚೆನ್ನೈ ಗೆಳೆಯನ ಮಾತನ್ನೇ ಆಡುತ್ತೇವೆ.

ಜಪಾನಿನ ಕರಿಯ ಸಿಹಿಗೂ ಕಾರಣ ಇದೆ. ಒಂದು ಭಾಗ ಈರುಳ್ಳಿಯದ್ದು. ಸಣ್ಣ ಉರಿಯಲ್ಲಿ, ಜೇನಿನ ಬಣ್ಣ ದಾಟಿ ಕಂದಾಗುವ ತನಕ ಹುರಿಯುತ್ತಾರೆ. ಸೇಬು ತುರಿದು ಹಾಕುತ್ತಾರೆ, ಮಾವಿನ ಚಟ್ನಿ ಹಾಕುತ್ತಾರೆ. ಹುರಿದ ಹಿಟ್ಟಿಗೂ ಕರಿಪುಡಿಯ ಅರಿಸಿನ, ಮೆಂತ್ಯಕ್ಕೂ ಒಂದು ಕಹಿ ಇದೆಯಲ್ಲ, ಆ ಕಹಿಗೆ ಎದುರಾಗಿ ಈ ಸಿಹಿ ನಿಲ್ಲುತ್ತದೆ. ನಮ್ಮಲ್ಲಿ ಬೆಲ್ಲ ಹುಳಿಯ ಜೊತೆ ಜಗಳ ಬಿಡಿಸುತ್ತದೆ, ಇಲ್ಲಿ ಈರುಳ್ಳಿ ಕಹಿಯ ಜೊತೆ.

ಇನ್ನೊಂದು ಕಾರಣ ಮಕ್ಕಳು. ಹೌಸ್ ಕಂಪನಿ 1963ರಲ್ಲಿ ವರ್ಮಾಂಟ್ ಕರಿ ಅನ್ನುವ ಗಟ್ಟಿ ತುಂಡಿನ ಮಸಾಲೆ ಮಾರುಕಟ್ಟೆಗೆ ತಂದಿತು. ಅಲ್ಲಿಯವರೆಗೆ ಕರಿ ಅಂದರೆ ದೊಡ್ಡವರ ಖಾರದ ಊಟ. ಇವರು ಸೇಬು, ಜೇನು ಸೇರಿಸಿ ಮನೆಮಂದಿಯೆಲ್ಲ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳುವ ಹಾಗೆ ಮಾಡಿದರು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಸೇಬಿನ ವಿನೆಗರ್ ಮತ್ತು ಜೇನು ಕುಡಿಯುವ ಆರೋಗ್ಯದ ಪದ್ಧತಿಯೊಂದು ಆಗ ಜಪಾನಿನಲ್ಲಿ ಜನಪ್ರಿಯವಾಗಿತ್ತು, ಹೆಸರು ಅಲ್ಲಿಂದ ಬಂತು. ಇಂದಿಗೂ ಸೂಪರ್‌ಮಾರ್ಕೆಟ್ಟಿನ ಕಪಾಟಿನಲ್ಲಿ ಅದರ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಮಕ್ಕಳಿಗೊಂದು, ದೊಡ್ಡವರಿಗೊಂದು ಅಂತ ಎರಡು ಅಡುಗೆ ಮಾಡಬೇಕಾಗಿಲ್ಲದ ಮನೆ ಎಷ್ಟು ನಿರಾಳ ಅಂತ ಅಡುಗೆ ಮಾಡುವವರಿಗೆ ಗೊತ್ತು.

ಗಟ್ಟಿ ಇರುವುದು ಅನ್ನಕ್ಕಾಗಿ

ಕರಿ ಜಪಾನಿಗೆ ನೇರವಾಗಿ ಭಾರತದಿಂದ ಬರಲಿಲ್ಲ. ಮೇಜಿ ಕಾಲದಲ್ಲಿ, ಅಂದರೆ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ, ಬ್ರಿಟಿಷರ ಅಡುಗೆಯಾಗಿ ಬಂತು. ಡಬ್ಬಿಯ ಕರಿಪುಡಿ ಇಂಗ್ಲೆಂಡಿನದ್ದು, ಹಿಟ್ಟು ಹುರಿದು ಗಟ್ಟಿ ಮಾಡುವ ಪದ್ಧತಿಯೂ ಅವರದ್ದೇ. ನೌಕಾಪಡೆಯ 1908ರ ಅಡುಗೆ ಕೈಪಿಡಿಯಲ್ಲಿ ಇದರ ವಿಧಾನ ಇದೆ. ದನದ ಕೊಬ್ಬಿನಲ್ಲಿ ಹಿಟ್ಟು ಹುರಿದು, ಕರಿಪುಡಿ ಹಾಕಿ, ಮಾಂಸದ ಸಾರಿನಲ್ಲಿ ತೆಳು ಮಾಡಿ, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಬೇಯಿಸುವುದು. ಈಗಲೂ ಜಪಾನಿನ ನೌಕಾದಳದ ಹಡಗುಗಳಲ್ಲಿ ಶುಕ್ರವಾರ ಕರಿಯ ದಿನ. ಒಂದೊಂದು ಹಡಗಿಗೂ ತನ್ನದೇ ಹದ. ಯೊಕೊಸುಕಾ ಊರಿಗೆ ಹೋದರೆ ಆ ನೌಕಾಪಡೆ ಕರಿಯನ್ನೇ ಬಡಿಸುವ ಹೋಟೆಲುಗಳಿವೆ. ಕರಿಪುಡಿಯನ್ನು ಜಪಾನಿನಲ್ಲೇ ತಯಾರಿಸುವ ಕೆಲಸಕ್ಕೆ ಯಾಮಾಜಾಕಿ ಮಿನೆಜಿರೋ ಕೈ ಹಾಕಿದ್ದು 1923ರಲ್ಲಿ. ಅವರು ಶುರುಮಾಡಿದ್ದೇ ಇವತ್ತಿನ ಎಸ್ ಅಂಡ್ ಬಿ ಅನ್ನುವ ಮಸಾಲೆ ಕಂಪನಿ.

ಬ್ರಿಟಿಷರೇ ಈ ಅಡುಗೆಯನ್ನು ಹೆಚ್ಚುಕಮ್ಮಿ ಮರೆತರೂ ಜಪಾನಿನವರು ಬಿಡಲಿಲ್ಲ. ಇದಕ್ಕೆ ಕಾರಣ ಅಕ್ಕಿ ಅಂತ ನನಗೆ ಅನ್ನಿಸುತ್ತದೆ. ಈ ಅಂಟು ಅನ್ನದ ಮೇಲೆ ನಮ್ಮ ತಿಳಿಸಾರು ಹಾಕಿ ನೋಡಿ. ನಾನು ಮನೆಯಲ್ಲಿ ಹಾಕಿ ನೋಡಿದ್ದೇನೆ. ಸಾರು ಒಳಗೆ ಇಳಿಯುವುದಿಲ್ಲ, ಅನ್ನದ ಗುಡ್ಡೆಯ ಸುತ್ತ ನೀರಾಗಿ ನಿಲ್ಲುತ್ತದೆ. ಸೋನಾ ಮಸೂರಿ ಬಿಡಿಬಿಡಿಯಾಗಿ ಸಾರನ್ನು ಕುಡಿಯುತ್ತದೆ, ಕೈಯಲ್ಲಿ ಕಲಸಿದರೆ ಒಂದಾಗುತ್ತದೆ. ಇದು ಹಾಗಲ್ಲ. ಇದಕ್ಕೆ ಮೇಲೆ ಕೂರುವ, ಚಮಚದಲ್ಲಿ ಅನ್ನದ ಜೊತೆ ಏಳುವ, ಜಾರದ ಸಾಸ್ ಬೇಕು. ಗಟ್ಟಿತನ ಅಡುಗೆಯವರ ಎಡವಟ್ಟಲ್ಲ, ಲೆಕ್ಕಾಚಾರ.

ಇದೇ ದೂರು, 1927ರಲ್ಲಿ

ಜಪಾನಿನ ಕರಿಯ ಮೇಲೆ ಅತಿ ಪ್ರಸಿದ್ಧ ದೂರು ಕೊಟ್ಟ ಭಾರತೀಯ ರಾಸ್ ಬಿಹಾರಿ ಬೋಸ್. ದೆಹಲಿಯಲ್ಲಿ 1912ರಲ್ಲಿ ವೈಸರಾಯ್ ಹಾರ್ಡಿಂಜ್ ಮೇಲೆ ಬಾಂಬ್ ಎಸೆದ ಪ್ರಕರಣದ ಹಿಂದಿದ್ದವರು, 1915ರಲ್ಲಿ ಜಪಾನಿಗೆ ತಪ್ಪಿಸಿಕೊಂಡು ಬಂದರು. ಶಿಂಜುಕುವಿನಲ್ಲಿ ಬ್ರೆಡ್ ಅಂಗಡಿ ನಡೆಸುತ್ತಿದ್ದ ಸೋಮಾ ದಂಪತಿಗಳು ಅವರನ್ನು ಬಚ್ಚಿಟ್ಟು ಕಾಪಾಡಿದರು. ಆ ಅಂಗಡಿಯೇ ನಾಕಾಮುರಾಯಾ. ಆ ಮನೆಯ ಮಗಳು ತೊಶಿಕೋಳನ್ನು 1918ರಲ್ಲಿ ಬೋಸ್ ಮದುವೆಯಾದರು. ಅವಳು 1925ರಲ್ಲಿ, ತುಂಬಾ ಚಿಕ್ಕ ವಯಸ್ಸಿನಲ್ಲಿ, ತೀರಿಹೋದಳು. ನಾಕಾಮುರಾಯಾ ಎರಡು ವರ್ಷದ ನಂತರ ರೆಸ್ಟೋರೆಂಟ್ ತೆರೆದಾಗ ಬೋಸ್ ಒತ್ತಾಯ ಮಾಡಿ ಅದರಲ್ಲಿ ಭಾರತದ ಕರಿ ಇಡಿಸಿದರು. ಹಿಟ್ಟಿನಿಂದ ಗಟ್ಟಿ ಮಾಡಿದ ಬ್ರಿಟಿಷ್ ಮಾದರಿಯ ಕರಿ ಅವರಿಗೆ ಹಿಡಿಸುತ್ತಿರಲಿಲ್ಲ. ಮೂಳೆ ಸಮೇತದ ಕೋಳಿ, ಹಿಟ್ಟಿಲ್ಲದ ಸಾರು. ಬೇರೆ ಕಡೆಯ ಕರಿಗಿಂತ ಎಷ್ಟೋ ಪಟ್ಟು ದುಬಾರಿ, ಆದರೂ ಜನ ಬಂದರು.

ಶಿಂಜುಕುವಿನ ನಾಕಾಮುರಾಯಾ ಕಟ್ಟಡದಲ್ಲಿ ಆ ಕರಿ ಇವತ್ತಿಗೂ ಸಿಗುತ್ತದೆ. ನಾನು ಗೌರವದಿಂದ ಹೋಗಿ ತಿನ್ನುತ್ತೇನೆ, ನೀವೂ ಹೋಗಿ. ಮನೆಗೆ ಮರಳಲು ಆಗದ ಮನುಷ್ಯ ತನ್ನ ಊರಿನ ರುಚಿ ಹೀಗಿತ್ತು ಅಂತ ಹೇಳಿಕೊಟ್ಟ ಅಡುಗೆ ಅದು. ಅವರ ದೂರು ಬೇರೆ ಜಾತಿಯದ್ದು. ಪ್ರವಾಸಕ್ಕೆ ಬಂದು ಮೂಗು ಮುರಿದು ಹೋದವರಲ್ಲ ಅವರು. ಇಲ್ಲೇ ಉಳಿದು, ಇಲ್ಲೇ ಸಂಸಾರ ಮಾಡಿ, ನೋಡಿ ಇನ್ನೊಂದು ರೀತಿಯೂ ಇದೆ ಅಂತ ಬಡಿಸಿ ತೋರಿಸಿದರು. ಮತ್ತು ನೋಡಿ, ಅದು ಬಂದು ತೊಂಬತ್ತಕ್ಕೂ ಹೆಚ್ಚು ವರ್ಷವಾದರೂ ಗಟ್ಟಿ ಕರಿ ಎಲ್ಲಿಗೂ ಹೋಗಲಿಲ್ಲ. ಎರಡೂ ಉಳಿದವು.

ಫುನಾಬಾಶಿಯ ಅಡುಗೆಮನೆ

ನನಗೆ ಈ ವಿಷಯ ಇಷ್ಟು ತಟ್ಟಲು ಚಿಕ್ಕಪ್ಪ ಒಬ್ಬರೇ ಕಾರಣ ಅಲ್ಲ. ಹಳೆಯ ಸಹೋದ್ಯೋಗಿಯೊಬ್ಬಳು ಒಂದು ಭಾನುವಾರ ಚಿಬಾ ಪ್ರಾಂತ್ಯದ ಫುನಾಬಾಶಿಯಲ್ಲಿರುವ ತನ್ನ ಮನೆಗೆ ಕರೆದಿದ್ದಳು. ಅವಳ ಅಮ್ಮ ಕರಿ ಮಾಡುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಕ್ಯಾರೆಟ್ಟನ್ನು ಉರುಳಿಸುತ್ತಾ ಓರೆಯಾಗಿ ಹೆಚ್ಚಿದರು. ಕೋಳಿ, ಈರುಳ್ಳಿ, ಆಲೂಗಡ್ಡೆ ಹುರಿದು ನೀರು ಹಾಕಿ, ಮೇಲೆ ಬಂದ ನೊರೆಯನ್ನು ಸೌಟಿನಿಂದ ತೆಗೆದು ತೆಗೆದು ಬಟ್ಟಲಿಗೆ ಹಾಕಿದರು. ತರಕಾರಿ ಬೆಂದ ಮೇಲೆ ಒಲೆ ಆರಿಸಿದರು. ಇದು ಮುಖ್ಯ. ಕುದಿಯುವಾಗ ಮಸಾಲೆಯ ತುಂಡು ಹಾಕಿದರೆ ಹಿಟ್ಟು ಹೊರಗಿನಿಂದ ಬೆಂದು ಗಂಟಾಗುತ್ತದೆ. ಕುದಿ ನಿಂತ ಮೇಲೆ ಒಂದೊಂದೇ ತುಂಡು ಮುರಿದು ಹಾಕಿ, ಕರಗಿಸಿ, ಮತ್ತೆ ಸಣ್ಣ ಉರಿ ಇಟ್ಟರು. ಸೌಟು ಎತ್ತಿದಾಗ ಬೀಳುವ ಧಾರೆ ನಿಧಾನವಾಗುತ್ತಾ ಬಂತು. ಆಮೇಲೆ ತುರಿದ ಸೇಬು, ಒಂದು ಚಿಟಿಕೆ ಇನ್‌ಸ್ಟಂಟ್ ಕಾಫಿ ಪುಡಿ.

ಜೇನು ಹಾಕಲ್ವಾ ಅಂತ ಕೇಳಿದೆ. ಹಾಕುವುದಾದರೆ ಮೊದಲೇ ಹಾಕಿ ಚೆನ್ನಾಗಿ ಕುದಿಸಬೇಕು, ಕೊನೆಯಲ್ಲಿ ಹಾಕಿದರೆ ಕರಿ ನೀರಾಗುತ್ತೆ ಅಂದರು. ನಿಜ. ಹಸಿ ಜೇನಿನಲ್ಲಿರುವ ಕಿಣ್ವ ಹಿಟ್ಟಿನ ಪಿಷ್ಟವನ್ನು ಒಡೆಯುತ್ತದೆ, ಕುದಿಸಿದರೆ ಮಾತ್ರ ಅದು ಸುಮ್ಮನಾಗುತ್ತದೆ. ಇಷ್ಟೆಲ್ಲ ತಿಳಿದು, ಇಷ್ಟು ಜೋಪಾನವಾಗಿ ಮಾಡಿದ ಮೇಲೆ, ತಟ್ಟೆ ನನ್ನ ಮುಂದೆ ಇಡುವಾಗ ಅವರು ತಲೆ ಬಗ್ಗಿಸಿ, "ಇಂಡಿಯಾದವರ ಮುಂದೆ ಇದನ್ನ ಇಡೋಕೆ ನಾಚಿಕೆ ಆಗುತ್ತೆ, ಕ್ಷಮಿಸಿ" ಅಂದರು.

ನನಗೆ ಎದೆ ಹಿಂಡಿದ ಹಾಗಾಯಿತು. ಆಫೀಸಿನಲ್ಲೂ ಇದನ್ನು ಕೇಳಿದ್ದೇನೆ. ಮಧ್ಯಾಹ್ನ ಯಾರಾದರೂ ಕರಿ ತಿನ್ನುತ್ತಿದ್ದರೆ, ನಾನು ಪಕ್ಕ ಕೂತ ಕೂಡಲೇ, "ನಿಮ್ಮ ಕಡೆಯವರಿಗೆ ಇದು ಕರಿ ಅನ್ನಿಸಲ್ಲ ಅಲ್ವಾ" ಅಂತ ಅವರೇ ಶುರು ಮಾಡುತ್ತಾರೆ. ಎಷ್ಟು ಭಾರತೀಯರು ಎಷ್ಟು ಸಲ ನಕ್ಕಿದ್ದರೆ ಈ ಅಭ್ಯಾಸ ಬಂದಿರಬೇಕು! ಅವಳ ಅಮ್ಮನಿಗೆ ಹೇಳಿದೆ: ನಮ್ಮೂರಲ್ಲೂ ಸಾರಿಗೆ ಸಿಹಿ ಹಾಕುತ್ತೇವೆ, ನಮ್ಮ ಅಮ್ಮನೂ ಅಳತೆ ಇಲ್ಲದೆ ಕೈಯಲ್ಲೇ ಹಾಕುತ್ತಾಳೆ, ನಿಮ್ಮದರಲ್ಲಿ ಏನೂ ಬದಲಾಯಿಸಬೇಕಾಗಿಲ್ಲ. ಸಾರಿಗೆ ಸಿಹಿಯಾ ಅಂತ ಅವರಿಗೆ ಆಶ್ಚರ್ಯ. ಮೆಣಸಿನ ಜೊತೆ ಬೆಲ್ಲ ಹೇಗೆ ಹೊಂದುತ್ತದೆ, ಎಷ್ಟು ಹಾಕುತ್ತೀರಿ, ಕೊನೆಗಾ ಮೊದಲಿಗಾ ಅಂತ ಕೇಳುತ್ತಾ ಹೋದರು. ಮೊಮ್ಮಗ ಮೂರನೇ ಸಲ ತಟ್ಟೆ ಚಾಚುವವರೆಗೂ ನಾವು ಅದನ್ನೇ ಮಾತಾಡಿದೆವು.

ಬರುವ ತಿಂಗಳು

ಕೋಕೋಇಚಿ 2020ರಲ್ಲಿ ಗುರುಗ್ರಾಮದಲ್ಲೂ ತೆರೆಯಿತು. ಕರಿ ಅನ್ನುವುದು ಹುಟ್ಟಿದ ದೇಶಕ್ಕೇ ತಮ್ಮ ಕರಿ ತೆಗೆದುಕೊಂಡು ಹೋಗಲು ಧೈರ್ಯ ಬೇಕು, ಆ ಧೈರ್ಯ ನನಗೆ ಇಷ್ಟವಾಯಿತು. ಬೆಂಗಳೂರಿಗೂ ಬರಲಿ ಅಂತ ನನ್ನ ಆಸೆ. ಸಿಹಿ ಸಾಂಬಾರಿನ ಊರಿನಲ್ಲಿ ಅದಕ್ಕೆ ಬೇಗ ನೆಂಟಸ್ತನ ಸಿಗುತ್ತದೆ.

ಮುಂದಿನ ತಿಂಗಳು ತಮ್ಮ ಬರುತ್ತಿದ್ದಾನೆ. ಖಾರ ಅಂದರೆ ಪ್ರಾಣ ಅವನಿಗೆ. ಮೊದಲ ದಿನವೇ ಕೋಕೋಇಚಿಗೆ ಹೋಗುವುದು ಅಂತ ಹೇಳಿಟ್ಟಿದ್ದೇನೆ, ನಾಕಾಮುರಾಯಾ ಆಮೇಲೆ. ಅವನು ಫೋನಿನಲ್ಲೇ ಖಾರ 10 ಬೇಕು ಅಂದ. 5 ತಿನ್ನದೆ 6ರ ಮೇಲೆ ಇಲ್ಲ ಅಂತ ನಿಯಮ ಹೇಳಿದೆ. ಅವನಿಗೆ 3 ಹೇಳುವುದು, ಮೇಲೆ ಕರಿದ ಕೋಳಿ ಮತ್ತು ಪಾಲಕ್. ತೊಬಿಕರಾ ಶೀಸೆ ನನ್ನ ಕಡೆ ಇರುತ್ತದೆ, ಅರ್ಧ ತಟ್ಟೆ ಮುಗಿದ ಮೇಲೆ ಕೊಡುತ್ತೇನೆ. ಕಲಸಬೇಡ, ಗೆರೆಯ ಮೇಲೆ ಚಮಚ ಇಳಿಸು, ನಡುನಡುವೆ ಉಪ್ಪಿನಕಾಯಿ ಅಗಿ. ಇಷ್ಟು ಕೇಳಿದರೆ ಸಾಕು. ಆಮೇಲೂ ಹಿಡಿಸಲಿಲ್ಲ ಅಂದರೆ ಅವನ ತಟ್ಟೆಯನ್ನು ನಾನೇ ಖಾಲಿ ಮಾಡುತ್ತೇನೆ.